ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋಗದ ಬೋಗುಣಿಗೆ

ಮೊರಬ
ಏಪ್ರಿಲ್ ೧೦, ೧೯೮೮

ಶ್ರೀಮನ್ಮಹಾ ಹಿತ್ತಾಳೆ ಬೋಗುಣಿಯವರಿಗೆ,
ಖಾಯಂ ವಿಳಾಸ: ದುಂಡವ್ವನವರ ಅಡುಗೆಮನೆ, ಮೇಲಿನ ಓಣಿ
ಸದ್ಯದ ಮುಕ್ಕಾಂ: ತಮಗೇ ಗೊತ್ತು

ವಿಷಯ: ಕಳೆದ ಅಕ್ಟೋಬರ್ ಮೂವತ್ತೊಂದರಂದು ತಾವು ಅರ್ಧ ಕೇಕನ್ನು ಹೊಟ್ಟೆಗೆ ಹಾಕಿಕೊಂಡು ಹೋದ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ದುಂಡನೆಯ ತಳಕ್ಕೆ, ನಮ್ಮ ಖಾದಿ ನೂಲುವ ಕೇಂದ್ರದ ಹನ್ನೊಂದು ಮಂದಿ ಹೆಣ್ಣುಮಕ್ಕಳ ಪರವಾಗಿ ಅನಂತ ನಮಸ್ಕಾರಗಳು. ತಮ್ಮ ಕಲಾಯಿ ಕ್ಷೇಮವೆಂದೂ, ತಮ್ಮ ಅಂಚಿಗೆ ಹೊಸ ನೆಗ್ಗು ಬಿದ್ದಿಲ್ಲವೆಂದೂ ನಂಬಿದ್ದೇನೆ. ಕೇಂದ್ರದಲ್ಲಿ ಏಳನೆಯ ಇಯತ್ತೆ ಪಾಸಾದವಳು ನಾನೊಬ್ಬಳೇ ಆದ್ದರಿಂದ ಅರ್ಜಿಗಳನ್ನೆಲ್ಲ ಬರೆಯುವ ಕೆಲಸ ಒಂಬತ್ತು ವರ್ಷಗಳಿಂದ ನನ್ನದೇ. ಮಾಳಿಗೆ ಸೋರುವ ಬಗ್ಗೆ ಬರೆದೆ, ನೂಲಲು ಕೊಡುವ ಹತ್ತಿಯ ಹಂಜಿಯಲ್ಲಿ ಕಸ ಬರುವ ಬಗ್ಗೆ ಬರೆದೆ, ಒಂದಕ್ಕೂ ಯಾರೂ ಉತ್ತರ ಕೊಡಲಿಲ್ಲ. ತಾವೂ ಕೊಡಲಿಕ್ಕಿಲ್ಲ. ಆದರೂ ಮೇಲಿನವರಿಗೆ ಇಲ್ಲದ ಎರಡು ಗಟ್ಟಿ ಕಿವಿಗಳು ತಮಗೆ ಇವೆಯಲ್ಲ ಎಂಬ ಒಂದೇ ಧೈರ್ಯದಿಂದ ಈ ಪತ್ರ ಬರೆದು, ಎಲ್ಲರೂ ಓದಲಿ ಎಂದು ಕೇಂದ್ರದ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದೇನೆ.

ತಮ್ಮ ದೊಡ್ಡಸ್ತಿಕೆ ನನಗೆ ಗೊತ್ತಿಲ್ಲವೆಂದಲ್ಲ. ತಮ್ಮ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ "ಚಿ. ಸೌ. ದುಂಡವ್ವಳ ಮದುವೆಗೆ ಸೋದರಮಾವನ ಆಯೇರಿ" ಎಂದು ಕೊರೆಸಿದೆ. ಆ ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಈ ಮೂವತ್ತೊಂದು ವರ್ಷದಲ್ಲಿ ತಾವು ಕಡ ಹೋದ ಯಾವ ಮನೆಯಿಂದಲೂ ಖಾಲಿ ಬಂದಿಲ್ಲವೆಂದು ದುಂಡವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮಲ್ಲಿ ಎಲ್ಲ ಮನೆಯ ರೂಢಿ. ಆದರೆ ಬೇರೆ ಪಾತ್ರೆಗಳು ಒಂದು ಚೂರು ಬೆಲ್ಲಕ್ಕೆ ತೃಪ್ತಿಪಟ್ಟು ಸುಮ್ಮನಾಗುತ್ತವೆ. ತಮ್ಮ ಹೊಟ್ಟೆಯ ವಿಸ್ತಾರ ನೋಡಿದವರಿಗೆ ಒಂದು ಚೂರು ಹಾಕಲು ಕೈ ಬರುವುದಿಲ್ಲ, ನಾಚಿಕೆಯಾಗುತ್ತದೆ. ನನ್ನ ತಕರಾರಿನ ಬೇರು ಇರುವುದೇ ಇಲ್ಲಿ.

ಇನ್ನು ಜುಲೇಖಾಬಿಯ ವಿಷಯ. ನಮ್ಮ ಕೇಂದ್ರದಲ್ಲಿ ಮೂವತ್ತು ವರ್ಷ ನೂಲು ಕಲಿಸಿದ ಈ ಅಕ್ಕನ ಕೈಯಲ್ಲಿ ಕಲಿಯದವರು ನಮ್ಮಲ್ಲಿ ಯಾರೂ ಇಲ್ಲ. ಎಳೆ ಹರಿದರೆ ನಮ್ಮ ಬೆನ್ನ ಹಿಂದೆ ಬಂದು ನಿಂತು, ಎರಡು ತುದಿಯನ್ನೂ ಬೆರಳಲ್ಲಿ ಹಿಡಿದು ಒಂದು ಸಲ ಹೊಸೆದರೆ ಸಾಕು, ಎಲ್ಲಿ ಹರಿದಿತ್ತೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೂ ಬೆರಳಿನಿಂದಲೇ ನಡೆಸಿದಳು. ಕಳೆದ ಅಕ್ಟೋಬರಿಗೆ ಆಕೆಯ ನಿವೃತ್ತಿ ಬಂತು. ಒಂದು ದಿನ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ, ರೊಟ್ಟಿ ಮುರಿಯುತ್ತಾ ಆಕೆ ಅಂದ ಮಾತು ನನ್ನ ಎದೆಯಲ್ಲಿ ಹಾಗೇ ಕೂತುಬಿಟ್ಟಿತು: "ನಿವೃತ್ತಿ ಆದ್ರ ನನಗೇನ ತ್ರಾಸಿಲ್ಲ ತಂಗಿ. ಬುತ್ತಿ ಉಣ್ಣೂ ಹೊತ್ತಿಗೆ ಬಾಜೂಕ ಯಾರೂ ಇರೂದಿಲ್ಲಲ್ಲ, ಅದೊಂದs ನೋಡು." ಆಕೆಯ ಮನೆ ಹಳ್ಳದ ಆಚೆ, ಊರಿನ ಕಟ್ಟಕಡೆಗೆ. ಜೊತೆಗಿರುವ ಆಕೆಯ ತಮ್ಮನ ಮನೆಯವರು ಹೊತ್ತು ಮೂಡುವ ಮುಂಚೆ ಹೊಲಕ್ಕೆ ಹೋದರೆ ಬರುವುದು ಸಂಜೆಗೇ. ಆ ದಾರಿ ಬೇರೆ ಯಾವ ಊರಿಗೂ ಹೋಗುವುದಿಲ್ಲ, ಹಾಗಾಗಿ ಹೋಗುತ್ತಾ ಬರುತ್ತಾ ಮಾತಾಡಿಸುವವರೂ ಇಲ್ಲ.

ಆಕೆ ನಮ್ಮ ಪಾಲಿಗೆ ಮುಗಿದುಹೋದವಳಲ್ಲ ಎಂದು ಆಕೆಗೆ ತಿಳಿಸಬೇಕಿತ್ತು. ನಮ್ಮ ಕಡೆ ಅದನ್ನು ಬಾಯಿಂದ ಹೇಳಿ ಅಭ್ಯಾಸವಿಲ್ಲ, ಉಣ್ಣಲು ಕೊಟ್ಟು ಹೇಳುತ್ತೇವೆ. ಆದರೆ ಏನು ಕೊಡುವುದು? ಆಕೆಯ ಬಾಯಲ್ಲಿ ಉಳಿದಿರುವ ಹಲ್ಲು ನಾಲ್ಕು. ಅಂಟಿನುಂಡಿ, ಚಿಗಳಿ, ಚಕ್ಕುಲಿ ಎಲ್ಲವನ್ನೂ ಬಿಟ್ಟು ಎಷ್ಟೋ ವರ್ಷವಾಯಿತು. ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಶನ್ ಆದಾಗ ಬಾಜೂ ಮಂಚದವರು ಕೊಟ್ಟ ಒಂದು ತುಂಡು ಕೇಕಿನ ಸುದ್ದಿಯನ್ನು ಮಾತ್ರ ಆಕೆ ನಮಗೆ ನೂರು ಸಲ ಹೇಳಿದ್ದಳು. "ಬಾಯಾಗ ಇಟ್ಟೆನೋ ಇಲ್ಲೋ, ಹಂಜಿ ಹಂಗ ಬಿಚ್ಚಿಕೋತ ಹೋತವಾ" ಎನ್ನುತ್ತಿದ್ದಳು. ಸರಿ, ಕೇಕನ್ನೇ ಮಾಡುವುದೆಂದು ನಾನು ನಿಶ್ಚಯಿಸಿದೆ. ಯಾರಿಗೂ ಹೇಳದೆ ಮಾಡಬೇಕೆಂದೂ ನಿಶ್ಚಯಿಸಿದೆ, ಏಕೆಂದರೆ ನಮ್ಮ ಕೇಂದ್ರದಲ್ಲಿ ಒಬ್ಬಳಿಗೆ ಹೇಳಿದರೆ ಹನ್ನೊಂದು ಜನಕ್ಕೆ ಹೇಳಿದಂತೆ. ಈ ಎರಡನೆಯ ನಿಶ್ಚಯವೇ ನನ್ನ ಕುತ್ತಿಗೆಗೆ ಬಂದದ್ದು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಸ ಹೊಡೆಯುವ ನನ್ನ ತಂಗಿ ಯಾರನ್ನೋ ಕೇಳಿ ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆಸಿ ಕಳಿಸಿದಳು. ಅದರಲ್ಲಿ ಎಲ್ಲವೂ ಗ್ರಾಮಿನ ಲೆಕ್ಕ. ನೂಲಿನ ಲಡಿ ತೂಗುವ ತಕ್ಕಡಿಯಲ್ಲಿ ಮೈದಾ ತೂಗಿದೆ, ಸಕ್ಕರೆ ತೂಗಿದೆ. ಮರುದಿನ ನಮ್ಮ ವ್ಯವಸ್ಥಾಪಕ ಲಕ್ಷ್ಮಣಪ್ಪನವರು ಅದೇ ತಕ್ಕಡಿಯಲ್ಲಿ ಲಡಿ ತೂಗುವಾಗ ಇರುವೆ ಹತ್ತಿದ್ದನ್ನು ಕಂಡು, ಈ ವರ್ಷದ ಹತ್ತಿ ಅಗದಿ ಸಿಹಿ ಇರಬೇಕೆಂದರು. ಇನ್ನು ಸಾಮಾನುಗಳನ್ನು ಯಾತಕ್ಕೆಂದು ಹೇಳದೆ ಮನೆಮನೆ ತಿರುಗಿ ಇಸಿದುಕೊಂಡೆ. ರಹೀಮಾಬಿಯ ಮನೆಯಿಂದ ಗಡಿಗೆ ತುಂಬ ಮೊಸರು, ಮಹಾದೇವಕ್ಕನ ಜರಡಿ, ಚಹಾದಂಗಡಿಯ ಬಸಣ್ಣನ ಇದ್ದಲಿ ಶೇಗಡಿ. ಕೊನೆಗೆ, ಅಷ್ಟು ದಪ್ಪ ತಳ ಊರಲ್ಲಿ ಬೇರೆ ಯಾರಿಗೂ ಇಲ್ಲವೆಂದು, ತಾವು.

ತಮ್ಮನ್ನು ಕೊಡುವಾಗ ದುಂಡವ್ವ ಹಾಕಿದ ಕರಾರನ್ನು ತಾವೂ ಕೇಳಿಸಿಕೊಂಡಿದ್ದೀರಿ: "ಯಾತಕ್ಕ ಅಂತ ನಾ ಕೇಳೂದಿಲ್ಲ. ಆದ್ರ ನಮ್ಮ ಭಾಂಡಿಗೆ ತತ್ತಿ ಗಿತ್ತಿ ಮುಟ್ಟಿಸಬ್ಯಾಡ, ಹೇಳಿರ್ತೀನಿ." ಚೀಟಿಯಲ್ಲಿ ನಾಲ್ಕು ಕೋಳಿ ತತ್ತಿ ಎಂದು ಅಡಿಗೆರೆ ಎಳೆದು ಬರೆದಿತ್ತು. ತತ್ತಿ ಬೇಕೆಂದರೆ ತಾವಿಲ್ಲ, ತಾವು ಬೇಕೆಂದರೆ ತತ್ತಿಯಿಲ್ಲ. ತಮ್ಮ ಮಡಿಯನ್ನು ಕಾಪಾಡುವ ಸಲುವಾಗಿ ತತ್ತಿಯನ್ನು ಬಿಟ್ಟು, ಮೊಸರು ಮತ್ತು ಅಡುಗೆ ಸೋಡಾದ ಮೇಲೆ ಭಾರ ಹಾಕಿದೆ. ನಿವೃತ್ತಿಯ ದಿನವಾದ ಶನಿವಾರ ಬೆಳಿಗ್ಗೆ ಶೇಗಡಿಯ ಮೇಲೆ ಹಂಚು, ಹಂಚಿನ ಮೇಲೆ ಉಸುಕು, ಉಸುಕಿನ ಮೇಲೆ ತಮ್ಮ ಸವಾರಿ, ತಮ್ಮ ತಲೆಯ ಮೇಲೆ ತಾಟು, ತಾಟಿನ ಮೇಲೆ ಕೆಂಡ. ಯಾವ ಮಹಾರಾಜರಿಗೂ ಇಂಥ ಸಿಂಹಾಸನ ಸಿಕ್ಕಿರಲಿಕ್ಕಿಲ್ಲ. ಒಂದು ತಾಸಿಗೆ ಮನೆಯೆಲ್ಲ ಘಮಘಮ. ಸತ್ಯವನ್ನು ಮುಚ್ಚಿಡಲಾರೆ, ಕೇಕು ಉಬ್ಬಿ ತಮ್ಮ ಕಂಠದವರೆಗೆ ಬಂದಿತ್ತು. ಆಹಾ, ಅದೇನು ಬಣ್ಣ, ಅದೇನು ಮೈ!

ಆಮೇಲೆ ತಮ್ಮ ಆಟ ಶುರುವಾಯಿತು. ಕೇಕನ್ನು ಬಿಡಲೊಲ್ಲಿರಿ. ತಮ್ಮನ್ನು ಬೋರಲು ಹಾಕಿ, ಬಿಕ್ಕಳಿಕೆ ಬಂದ ಕೂಸಿಗೆ ಬಡಿಯುವ ಹಾಗೆ ಬೆನ್ನಿಗೆ ಮೆಲ್ಲಗೆ ಬಡಿದೆ, ಒದ್ದೆ ಅರಿವೆ ಹೊದಿಸಿದೆ, ಕಡೆಗೆ ಕೈ ಮುಗಿದು ಬೇಡಿಕೊಂಡೆ. ಅರ್ಧ ತಾಸಿನ ನಂತರ ದೊಪ್ಪೆಂದು ಬಿಟ್ಟಿರಿ, ಅದೂ ತಳದ ಒಂದು ಅಂಗೈಯಗಲ ಪದರನ್ನು ತಮಗೇ ಇಟ್ಟುಕೊಂಡು. ಇರಲಿ, ಮಾಡಿದವರಿಗೆ ಮೊದಲ ಪಾಲು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು, ಕೇಕನ್ನು ಅಗಲವಾದ ಪರಾತದಲ್ಲಿಟ್ಟು, ಮೇಲೊಂದು ಬಿಳಿ ಖಾದಿ ವಸ್ತ್ರ ಮುಚ್ಚಿ, ಸಂಜೆ ಊರವರನ್ನೆಲ್ಲ ಕರೆದಿದ್ದ ಜುಲೇಖಾಬಿಯ ಬೀಳ್ಕೊಡುಗೆಗೆ ತೋರಣ ಕಟ್ಟಲು ಕೇಂದ್ರಕ್ಕೆ ಹೋದೆ.

ನಾನು ತಿರುಗಿ ಬರುವಷ್ಟರಲ್ಲಿ ನಮ್ಮ ಅತ್ತೆ ಸಣ್ಣವ್ವ ಊರ ಮರ್ಯಾದೆಯನ್ನೆಲ್ಲ ಒಬ್ಬಳೇ ಎತ್ತಿ ಹಿಡಿದಿದ್ದಳು. ಕೇಕು ಯಾರಿಗೆ, ಯಾತಕ್ಕೆ ಎಂದು ಆಕೆಗೂ ನಾನು ಹೇಳಿರಲಿಲ್ಲವಲ್ಲ. ಮನೆಯಲ್ಲಿ ನಾಲ್ಕು ಇಸಿದುಕೊಂಡ ಸಾಮಾನು, ಪರಾತದಲ್ಲಿ ಒಂದು ಸಿಹಿ ತಿನಿಸು. ಸೊಸೆ ಸಾಮಾನು ತಿರುಗಿ ಕೊಡಲೆಂದೇ ಮಾಡಿಟ್ಟಿದ್ದಾಳೆಂದು ತಿಳಿದ ಆ ಮಹಾತಾಯಿ, ಎಲ್ಲವನ್ನೂ ಬೂದಿ ಹಚ್ಚಿ ಬೆಳಗಿ, ಗಡಿಗೆಯಲ್ಲಿ ಒಂದು ತುಂಡು, ಜರಡಿಯಲ್ಲಿ ಒಂದು ತುಂಡು ಇಟ್ಟು, ಶೇಗಡಿ ಸಹ ಬರಿದಾಗಿ ಹೋಗಬಾರದೆಂದು ಅದರ ಮೇಲೆ ಮುತ್ತಲ ಎಲೆ ಹಾಸಿ ಒಂದು ತುಂಡು ಇಟ್ಟು, ಮನೆಮನೆಗೆ ಮುಟ್ಟಿಸಿ ಬಂದಿದ್ದಳು. ತಮಗೆ? ತಮಗೆ ಅರ್ಧ ಕೇಕು! ಪರಾತದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ನಾನು ಹಣೆ ಹಣೆ ಬಡಿದುಕೊಂಡರೆ ಅತ್ತೆ ಅಂದಳು: "ಅಷ್ಟ ದೊಡ್ಡ ಬೋಗುಣಿಗೆ ಇಷ್ಟs ಇಷ್ಟ ಹಾಕಿ ಕೊಟ್ರ ದುಂಡವ್ವ ನಗೂದಿಲ್ಲೇನ? ನಿನಗ ಲೋಕರೂಢಿ ತಿಳಿಯೂದಿಲ್ಲ ಬಿಡು." ಆಕೆಯ ತಪ್ಪೇನೂ ಇಲ್ಲ, ಮಾನ್ಯರೇ. ತಪ್ಪು ತಮ್ಮ ಸುತ್ತಳತೆಯದು.

ಕೊಟ್ಟದ್ದನ್ನು ತಿರುಗಿ ಕೇಳುವ ಬಾಯಿ ನಮ್ಮಲ್ಲಿ ಯಾರಿಗೂ ಇಲ್ಲ. ಆ ಎರಡು ಬೆರಳಿನ ತುಂಡನ್ನು ಪರಾತದ ನಡುವೆ ಇಟ್ಟು, ಮೇಲೆ ಅಷ್ಟಗಲದ ವಸ್ತ್ರ ಮುಚ್ಚಿ, ನಾಲ್ಕು ಗಂಟೆಗೆ ಕೇಂದ್ರಕ್ಕೆ ಹೋಗಿ ಮೂಲೆಯಲ್ಲಿ ಕೂತೆ. ಲಕ್ಷ್ಮಣಪ್ಪನವರು ಭಾಷಣ ಮಾಡುತ್ತಿದ್ದರು. ಜುಲೇಖಾಬಿ ಶಾಲು ಹೊದ್ದು, ಹಾರ ಹಾಕಿಕೊಂಡು, ಯಾರ ಮನೆಯದೋ ಮದುವೆಗೆ ಬಂದವಳ ಹಾಗೆ ಕೂತಿದ್ದಳು. ನನಗೆ ಅಳು ಬಂತು, ಇದ್ದದ್ದನ್ನೇ ಬರೆಯುತ್ತೇನೆ.

ಆಗ ರಹೀಮಾಬಿ ಒಳಗೆ ಬಂದಳು. ಇಂಥ ಸಮಾರಂಭಕ್ಕೆ ಬರಿಗೈಲಿ ಬರುವ ಹಾಗಿಲ್ಲವಲ್ಲ, ಮುಚ್ಚಿದ ತಾಟೊಂದನ್ನು ಮುಂದಿಟ್ಟು, "ಊರಾಗ ಯಾರೂ ಕಂಡಿರದ ತಿನಿಸು ತಂದೀನಿ ನೋಡ್ರಿ" ಎಂದು ಜಂಬದಿಂದ ತೆಗೆದಳು. ಕೇಕು. ಹಿಂದಿನಿಂದ ಬಂದ ಮಹಾದೇವಕ್ಕನ ಮುಖ ಸಪ್ಪಗಾಯಿತು, ಆಕೆಯ ಸೆರಗಿನ ಕೆಳಗೂ ಅದೇ ಇತ್ತು. ಬಸಣ್ಣ ಅರ್ಧ ತುಂಡನ್ನು ಹಾಳೆಯಲ್ಲಿ ಸುತ್ತಿಕೊಂಡು ಬಂದಿದ್ದ: "ಅರ್ಧಾ ನಾನs ತಿಂದೀನ್ರಿ, ಸುಳ್ಳ್ಯಾಕ ಹೇಳ್ಲಿ. ಅಗದಿ ಮೆತ್ತಗಿತ್ತು, ಅಕ್ಕನ ನೆನಪಾತು, ನಿಲ್ಲಿಸಿಬಿಟ್ಟೆ." ಕಡೆಗೆ ಬಾಗಿಲಲ್ಲಿ ದುಂಡವ್ವ, ದುಂಡವ್ವನ ಟೊಂಕದ ಮೇಲೆ ತಾವು, ತಮ್ಮ ಹೊಟ್ಟೆಯಲ್ಲಿ ಆ ಅರ್ಧ ಕೇಕು, ಒಂದು ಚೂರೂ ಮುಟ್ಟದೆ! ಅಂದು ಎಲ್ಲರ ಮನೆಯಲ್ಲೂ ಇದ್ದ ಬೆಲೆಬಾಳುವ ತಿನಿಸು ಅದೊಂದೇ ಆಗಿತ್ತು, ಎಲ್ಲರೂ ಅದನ್ನೇ ಎತ್ತಿಕೊಂಡು ಬಂದಿದ್ದರು. ನಾನು ವಸ್ತ್ರ ತೆಗೆದು ನನ್ನ ಎರಡು ಬೆರಳಿನ ತುಂಡನ್ನು ತೋರಿಸಿದೆ. ನಡೆದದ್ದು ತಿಳಿದು ಮಂದಿ ನಕ್ಕ ನಗೆಗೆ ಚರಕಗಳು ಅಲುಗಾಡಿದವು, ಲಕ್ಷ್ಮಣಪ್ಪನವರ ಭಾಷಣದ ಉಳಿದ ಮೂರು ಹಾಳೆ ಎಲ್ಲಿ ಹೋದವೋ ಇಂದಿಗೂ ಸಿಕ್ಕಿಲ್ಲ.

ಎಲ್ಲ ತುಂಡುಗಳನ್ನೂ ಪರಾತದಲ್ಲಿ ಹಾಕಿ ಜುಲೇಖಾಬಿಯ ಮುಂದಿಟ್ಟೆವು. ಆಕೆ ಬೆರಳಾಡಿಸಿ, ಯಾವ ಅಂಚಿಗೆ ಯಾವ ಅಂಚು ಎಂದು ಹುಡುಕಿ, ಒಂದಕ್ಕೊಂದು ಕೂಡಿಸಿ, ದುಂಡಗೆ ಮಾಡಿದಳು. ಬಸಣ್ಣ ತಿಂದ ಜಾಗದಲ್ಲಿ ಬೆರಳು ನಿಂತಾಗ, "ಇಲ್ಲೊಂದು ಎಳಿ ಹರದೈತಿ" ಎಂದಳು. ಆಮೇಲೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾವು ಹನ್ನೊಂದು ಮಂದಿಯೂ ಬಾಯಿ ತೆರೆದು ಆಕೆಯ ಬಾಯಿಯನ್ನೇ ನೋಡುತ್ತಿದ್ದೆವು. "ಹುಬ್ಬಳ್ಳ್ಯಾಂದು ಇದರ ಮುಂದ ಏನೂ ಅಲ್ಲ ಬಿಡ್ರಿ" ಎಂದಳು.

ಎಲ್ಲರಿಗೂ ಹಂಚಿ ಉಳಿದದ್ದನ್ನು ದುಂಡವ್ವ ತಮ್ಮೊಳಗೇ ತುಂಬಿ, ತಮ್ಮನ್ನು ಎತ್ತಿ ಜುಲೇಖಾಬಿಯ ಕೈಗೆ ಕೊಟ್ಟಳು. ಜುಲೇಖಾಬಿ ಹಿಂಜರಿದಳು: "ಬ್ಯಾಡವಾ ದುಂಡವ್ವ. ನಮ್ಮನ್ಯಾಗ ಏನೇನ ಬೇಯಿಸ್ತೀವಿ ನಿನಗ ಗೊತ್ತೈತಿ." ತತ್ತಿ ಮುಟ್ಟಿಸಬೇಡವೆಂದು ನನಗೆ ಬೆರಳು ತೋರಿಸಿ ಹೇಳಿದ ಅದೇ ದುಂಡವ್ವ ಅಂದಳು: "ಗೊತ್ತೈತಿ ತಗೋಬೇ ಅಕ್ಕಾ. ಭಾಂಡಿ ಅಂದ್ರ ತಿಕ್ಕಿದ್ರ ಆತು. ಖಾಲಿ ಮಾತ್ರ ಕಳಿಸಬ್ಯಾಡ ಮತ್ತ!" ಆ ಗಳಿಗೆಯಲ್ಲಿ ತಮ್ಮ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಮುಂದಿನ ಶನಿವಾರ ತಾವು ಚಪಾತಿ ಪುಡಿಗೆ ಬೆಲ್ಲ ಕಲಸಿದ ಮಾಲ್ದಿ ತುಂಬಿಕೊಂಡು ಬಂದಿರಿ. ಅದನ್ನು ಉಂಡ ಮೇಲೆ ತಾವು ಬರಿದಾಗಿ ಗೋಡೆಯ ಹಲಗೆಯ ಮೇಲೆ ಕೂರುವುದು ಚಂದವೇ ಎಂದು ದುಂಡವ್ವ ಕಡುಬು ತುಂಬಿ ಮತ್ತೆ ಕಳಿಸಿದಳು. ಅಲ್ಲಿಂದ ಹಲ್ವಾ ಬಂತು, ಇಲ್ಲಿಂದ ಹೋಳಿಗೆ ಹೋಯಿತು. ತಮ್ಮ ಭಾರಕ್ಕೆ ಒಬ್ಬಳಿಂದ ಹೊರಲಾಗುವುದಿಲ್ಲವೆಂದು ಇಬ್ಬರು, ಇಬ್ಬರಿಗೆ ಬೇಸರವೆಂದು ನಾಲ್ವರು, ಹೋದವರು ಹೇಗೂ ಊಟದ ಹೊತ್ತಾಯಿತೆಂದು ಬುತ್ತಿ ಕಟ್ಟಿಕೊಂಡೇ ಹೊರಡತೊಡಗಿದರು. ಐದು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಕೇಂದ್ರದ ಅರ್ಧ ಮಂದಿ ಹಳ್ಳ ದಾಟಿ, ಆ ಕಡೆಯ ಮನೆಯ ಪಡಸಾಲೆಯಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಮೊನ್ನೆ ನಾನು, ಅಕ್ಕಾ, ಇಷ್ಟೆಲ್ಲ ಯಾಕೆ ಮಾಡಿ ಕಳಿಸುತ್ತೀ, ಕೈ ಸೋಲುವುದಿಲ್ಲವೇ ಎಂದು ಕೇಳಿದೆ. ಆಕೆ ತಮ್ಮ ಅಂಚನ್ನು ಸವರುತ್ತಾ, "ನಾ ಖಾಲಿ ಕಳಿಸಿದ್ರ ನೀವು ಬರೂದ ಬಿಡ್ತೀರಿ. ನನಗೇನ ತಿಳಿಯೂದಿಲ್ಲಂತ ಮಾಡೀಯೇನ?" ಎಂದು ನಕ್ಕಳು. ನಾಲ್ಕು ಹಲ್ಲೂ ಕಂಡವು.

ಆದ್ದರಿಂದ ಮಾನ್ಯರೇ, ಮೇಲಿನ ತಕರಾರನ್ನು ವಾಪಸು ತೆಗೆದುಕೊಂಡು, ಅದರ ಜಾಗದಲ್ಲಿ ಈ ಮನವಿಯನ್ನು ಸಲ್ಲಿಸುತ್ತಿದ್ದೇನೆ. ತಾವು ಸೋರಬಾರದು, ಸವೆಯಬಾರದು, ಕಳುವಾಗಬಾರದು. ತಮ್ಮ ಹೊಟ್ಟೆ ಎಂದೂ ತುಂಬಬಾರದು. ಯಾರ ಸರದಿ ಎಂಬ ಲೆಕ್ಕ ಎರಡೂ ಮನೆಯಲ್ಲಿ ಯಾರಿಗೂ ನೆನಪಿರಬಾರದು. ಜುಲೇಖಾಬಿಯ ಕೈಯಲ್ಲಿ ತಮ್ಮನ್ನು ಎತ್ತುವ ಶಕ್ತಿ ಇರುವವರೆಗೆ, ತಾವು ದಯಮಾಡಿ ಯಾರ ಮನೆಗೂ ಪೂರ್ತಿಯಾಗಿ ತಿರುಗಿ ಹೋಗಬಾರದು.

ತಮ್ಮ ತಳ ತಿಕ್ಕಿ ತಿಕ್ಕಿ ಉಗುರು ಸವೆಸಿಕೊಂಡ,
ತಮ್ಮ ವಿಶ್ವಾಸಿ
ರೇವವ್ವ

ತಾ. ಕ.: ತಮ್ಮ ಕಲಾಯಿ ಹೋಗಿ ಹಿತ್ತಾಳೆ ಕಾಣುತ್ತಿದೆ. ಮಂಗಳವಾರ ಕಲಾಯಿ ಹಾಕುವ ಮಶಾಕಸಾಬನ ಕಡೆಗೆ ತಮ್ಮನ್ನು ಕಳಿಸುವುದೆಂದು ತೀರ್ಮಾನವಾಗಿದೆ. ಆತ ಈಗಾಗಲೇ ತಮ್ಮ ಕೀರ್ತಿಯನ್ನು ಕೇಳಿದ್ದಾನೆ, "ಖಾಲಿ ತಂದ್ರ ಮುಟ್ಟೂದಿಲ್ಲ, ಏನ ಹಾಕಿ ತರ್ತೀರಿ ಮೊದಲ ಹೇಳ್ರಿ" ಎಂದು ಹೇಳಿ ಕಳಿಸಿದ್ದಾನೆ. ನಮ್ಮ ಅತ್ತೆ ಮತ್ತೆ ಮೈದಾ ಸಾಣಿಸುತ್ತಿದ್ದಾಳೆ. ಈ ಸಲವಾದರೂ ತಳದ ಪದರನ್ನು ತಾವು ಬಿಟ್ಟುಕೊಡುವಿರೆಂದು ನಂಬಿದ್ದೇನೆ, ಆದರೆ ತಮ್ಮ ಸ್ವಭಾವ ಬಲ್ಲವಳಾದ್ದರಿಂದ ಒಂದು ಚಮಚವನ್ನೂ ಜೊತೆಗೆ ಕಳಿಸುತ್ತಿದ್ದೇನೆ.