ಹುಕ್ಕು ಯಾವಾಗ ಹಚ್ಚೀರಿ?

ತಪ್ಪು ಮಾಡಿದವನಿಗೆ ಕಂಪ್ಯೂಟರಿನಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ. ಕೈಬರಹದ ಸುಳ್ಳನ್ನು ಜನ ಎರಡು ಸಲ ಓದುತ್ತಾರೆ. ಅದೇ ಸುಳ್ಳು ಬಣ್ಣಬಣ್ಣದ ಚಿತ್ರವಾಗಿ ತೆರೆಯ ಮೇಲೆ ಬಂದರೆ ತಲೆದೂಗುತ್ತಾರೆ. ನಾನಂತೂ ಹನ್ನೊಂದು ವರ್ಷದಿಂದ ಈ ತಲೆದೂಗುವವರ ದಯೆಯಿಂದಲೇ ಉಣ್ಣುತ್ತಿದ್ದೇನೆ. ದಿನಾ ಬಿಬವೇವಾಡಿಯಲ್ಲಿ ಕಂಪನಿ ಬಸ್ಸು ಹತ್ತಿ, ಒಂದು ನಿದ್ದೆ ಮುಗಿಸಿ ಚಾಕಣದ ಕಾರ್ಖಾನೆಯ ಮುಂದೆ ಇಳಿದು, ಬೆಸುಗೆ ಹಾಕಿದ ಉಕ್ಕಿನೊಳಗೆ ಎಷ್ಟು ಬಿಗುವು ಉಳಿದಿದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಬೆಸುಗೆ ಆರುವಾಗ ಕುಗ್ಗಲು ನೋಡುತ್ತದೆ, ಅಕ್ಕಪಕ್ಕದ ಉಕ್ಕು ಬಿಡುವುದಿಲ್ಲ. ಆ ಜಗ್ಗಾಟ ಒಳಗೇ ಉಳಿಯುತ್ತದೆ. ಜಗಳವಾದ ಮರುದಿನದ ಮನೆಯ ಹಾಗೆ, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಅದಕ್ಕೇ ಬೆಸುಗೆಯ ಅಂಚನ್ನು ಗಾಳಿಯ ಸುತ್ತಿಗೆಯಿಂದ ಬಡಿದು ಆ ಜಗ್ಗಾಟವನ್ನು ಸಡಿಲಿಸುತ್ತಾರೆ.

ಹೋದ ತಿಂಗಳು ಪರೀಕ್ಷೆಯಲ್ಲಿ ಟ್ರೇಲರ್ ಚೌಕಟ್ಟಿನ ಒಂದು ಬೆಸುಗೆ ಬಿರುಕು ಬಿಟ್ಟಿತು. ನನ್ನ ಚಿತ್ರದಲ್ಲಿ ಆ ಜಾಗ ತಣ್ಣನೆಯ ನೀಲಿ, ಅಂದರೆ ಭಯವಿಲ್ಲ. "ವೆಲ್ಡರ್‌ಚೀ ಚೂಕ್, ಬರೋಬರ್?" ಎಂದು ಮ್ಯಾನೇಜರ್ ಮರಾಠಿಯಲ್ಲಿ ಕೇಳಿದರು. ವೆಲ್ಡರನದೇ ತಪ್ಪು ಎಂದು ನಾನೂ ಗೋಣು ಹಾಕಿ, 'ಬಡಿತ ಸರಿಯಾಗಿ ಆಗಿಲ್ಲ' ಎಂದು ವರದಿ ಬರೆದೆ. ಅದೊಂದು ಸಾಲಿಗೆ, ಇಪ್ಪತ್ತು ವರ್ಷ ಬೆಸುಗೆ ಹಾಕಿದ ಬೈಲಹೊಂಗಲದ ಶಿವಲಿಂಗಪ್ಪನವರನ್ನು ಡಬ್ಬಕ್ಕೆ ಪಟ್ಟಿ ಅಂಟಿಸಲು ಪ್ಯಾಕಿಂಗಿಗೆ ಹಾಕಿದರು.

ಮೂರನೆಯ ದಿನ ಅವರು ಮೆಟ್ಟಿಲು ಹತ್ತಿ ನನ್ನ ಮೇಜಿನ ಬಳಿ ಬಂದರು. ಜಗಳಕ್ಕೇ ಬಂದಿದ್ದಾರೆಂದು ನಾನು ಮೊದಲೇ ಚಹಾ ಹೇಳಿದೆ.

"ಚಹಾ ಬ್ಯಾಡ್ರಿ ಸಾಹೇಬ್ರ. ಆ ಚಿತ್ರ ಒಮ್ಮೆ ತೋರಸ್ರಿ" ಎಂದರು. ಬಹಳ ಹೊತ್ತು ನೋಡಿದರು. "ಭಾಳ ಚಂದ ಅದ. ಇದರಾಗ ಈ ಹುಕ್ಕು ಯಾವಾಗ ಹಚ್ಚೀರಿ?"

ಬಿರುಕು ಬಿಟ್ಟ ಜಾಗದ ಪಕ್ಕದಲ್ಲೇ ಬೆಸೆಯುವ, ಪೈಪು ಸಿಕ್ಕಿಸುವ ಸಣ್ಣ ಹುಕ್ಕು ಅದು. "ಎಲ್ಲಾದರ ಜೋಡಿ, ಮೊದಲ. ಆಮ್ಯಾಲ ಬಡಿಯೂದು" ಎಂದೆ. ನಕ್ಷೆ ನೋಡಿ ನಾನು ಹಾಗೆಂದುಕೊಂಡಿದ್ದೆ.

"ಮೊದಲ ಹಚ್ಚಿದ್ರ ಸುತ್ತಿಗಿ ಒಳಗ ಹೋಗೂದಿಲ್ರಿ. ನಾವು ಬಡದ ಮ್ಯಾಲ ಹಚ್ಚತೇವಿ. ಎಲ್ಲಾರೂ ಹಂಗ ಮಾಡೂದು."

ಬಡಿದು ಗಳಿಸಿದ್ದನ್ನೆಲ್ಲ ಹುಕ್ಕಿನ ಬೆಸುಗೆಯ ಕಾವು ಕಳೆದುಬಿಡುತ್ತದೆ. ಕ್ರಮ ತಿರುಗಿಸಿ ಮತ್ತೆ ಲೆಕ್ಕ ಹಾಕಿದೆ. ಬಿರುಕು ಬಿಟ್ಟ ಜಾಗದಲ್ಲೇ ನೀಲಿ ಹೋಗಿ ಕೆಂಪಾಯಿತು. ಆ ಲೆಕ್ಕಕ್ಕೆ ಆರು ಗಂಟೆ ಬೇಕು, ಮೆಟ್ಟಿಲಿಳಿದು ನೋಡಲು ಎರಡು ನಿಮಿಷ. ಆ ಎರಡು ನಿಮಿಷ ನನಗೆ ಹನ್ನೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ.

ತಿದ್ದುಪಡಿಯ ಕರಡನ್ನು ಮನೆಗೆ ತಂದೆ. 'ಕೆಲಸದ ಅನುಕ್ರಮದಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿದೆ' ಎಂಬ ನನ್ನ ಸಾಲನ್ನು ಹೆಂಡತಿ ಓದಿದಳು. "ಪಾಪ, ಅವರು ಡಬ್ಬಕ್ಕ ಪಟ್ಟಿ ಅಂಟಸ್ಕೋತ ಕೂತಾರ. ನಿಮಗ ಇದು ಅಲ್ಪ ಏನ್ರಿ?" ಎಂದಳು. ನಿಜವಾಗಿಯೂ ನಾಚಿಕೆಯಾಯಿತು. ಅದನ್ನು ಹೊಡೆದುಹಾಕಿ 'ತಪ್ಪು ನನ್ನದು' ಎಂದು ಬರೆದೆ. ಹಾಗೆ ಬರೆದು ಬೆರಳಿಗೆ ರೂಢಿಯಿರಲಿಲ್ಲ.

ಶಿವಲಿಂಗಪ್ಪನವರು ಬೆಸುಗೆಗೆ ಮರಳಿದ ದಿನ, ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಕೆಳಗಿಳಿದೆ. ಅರ್ಧ ಹೇಳುವಷ್ಟರಲ್ಲಿ ಅವರು ಕೈಯೆತ್ತಿ ತಡೆದು, ಗೋಡೆಗೆ ಸಾಲಾಗಿ ಒರಗಿಸಿದ್ದ ಬೇರೆ ಬೇರೆ ಚೌಕಟ್ಟುಗಳನ್ನು ತೋರಿಸಿದರು.

"ಇವನ್ನೆಲ್ಲಾ ನೀವ ಲೆಕ್ಕಾ ಮಾಡಿದ್ದೇನ್ರಿ?"

ಹೌದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಒಂದು ಸ್ಟೂಲು ಎಳೆದು, ಧೂಳು ಒರೆಸಿದರು. "ಹಂಗಾರ ಕೂಡ್ರಿ ಸಾಹೇಬ್ರ. ಹೊತ್ತ ಹಿಡೀತದ."