ಹೊಸಬಾಳೆ ಕೆರೆಯಲ್ಲಿ ಎದ್ದ ಅಲೆ

ಹೊಸ ಅಳಿಯನಾದವನು ಮಾವನ ಮನೆಗೆ ಹೋಗುವಾಗ ಹೂವು, ಹಣ್ಣು, ಒಂದು ಪೊಟ್ಟಣ ಸಿಹಿ ತೆಗೆದುಕೊಂಡು ಹೋಗುವುದು ಲೋಕದ ವಾಡಿಕೆ. ಶಿಕಾರಿಪುರದ ಗೌರೀಶಂಕರ ಒಂದು ಹಲಗೆ ತೆಗೆದುಕೊಂಡು ಹೋದ. ಸಣ್ಣಪುಟ್ಟ ಹಲಗೆಯೂ ಅಲ್ಲ. ಅವನಿಗಿಂತ ಒಂದು ಗೇಣು ಉದ್ದ, ಮುಂದಿನ ತುದಿ ಚೂಪು, ಮೈಯೆಲ್ಲ ನೀಲಿ ಬಣ್ಣ.

ಸೊರಬದ ಬಸ್ಸಿನ ಕಂಡಕ್ಟರು ಅದನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಏನ್ರೀ ಇದು, ಬಾಗ್ಲಾ?"

"ಅಲ್ರೀ, ಹಲಗಿ."

"ಹಲಗಿ ಅಂತ ನಂಗೂ ಕಾಣ್ತದ್ರೀ. ಎದಕ್ಕ ಅಂತ ಕೇಳಿದೆ."

"ಮ್ಯಾಲ ನಿಲ್ಲಾಕ."

"ನಿಲ್ಲಾಕ ನೆಲ ಸಾಲಂಗಿಲ್ಲೇನ್ರೀ ನಿಮಗ?"

ಬಸ್ಸಿನ ಮಂದಿಯೆಲ್ಲ ನಕ್ಕರು. ಹಲಗೆ ಮೇಲೇರಿತು, ಗೌರೀಶಂಕರ ಒಳಗೆ ಬಂದು ಕೂತ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವನ ಮೊಣಕೈ ಮುಟ್ಟಿ, ದನಿ ತಗ್ಗಿಸಿ, "ಯಾರು ಹೋದ್ರಪ್ಪಾ ಪಾಪ? ವಯಸ್ಸಾಗಿತ್ತಾ?" ಎಂದು ಕೇಳಿದಳು.

"ಯಾರೂ ಹೋಗಿಲ್ಲಜ್ಜಿ. ತವರಿಗೆ ಹೋದ ಹೆಂಡ್ತೀನ ಕರ್ಕೊಂಡು ಬರಾಕ ಹೊಂಟೀನಿ."

ಮುದುಕಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ತನ್ನ ಗಂಟು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಈ ಹಲಗೆಯ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗೌರೀಶಂಕರ ಚಿತ್ರಗಾರ. ಮದುವೆಗೆ ಮುಂಚೆ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತ ಊರೂರು ಸುತ್ತಿದವನು. ಕಾರವಾರ, ಹೊನ್ನಾವರಗಳೆಲ್ಲ ಇನ್ನೂ ಬೊಂಬಾಯಿ ಸರ್ಕಾರದ ಕೆಳಗಿದ್ದ ಕಾಲದಲ್ಲಿ ಕಂಪನಿ ಆ ಕಡೆ ಬಿಡಾರ ಹೂಡಿತ್ತು. ಅಲ್ಲಿ ಅವನು ಮೊದಲ ಸಲ ಸಮುದ್ರ ನೋಡಿದ. ಮೀನುಗಾರರ ಹುಡುಗರು ಒಡೆದ ದೋಣಿಯ ಹಲಗೆ ಹಿಡಿದು ನೀರಿಗಿಳಿದು, ಅಲೆಯ ಬೆನ್ನೇರಿ ದಡಕ್ಕೆ ಜಾರಿಕೊಂಡು ಬರುವುದನ್ನೂ ನೋಡಿದ. ನೋಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ತಾನೂ ಇಳಿದ. ಊಟಕ್ಕೆ ಬೇರೆ ಉಪ್ಪು ಬೇಡ ಅನ್ನುವಷ್ಟು ಸಮುದ್ರ ಕುಡಿದ. ಕೊನೆಗೊಂದು ಬೆಳಗ್ಗೆ ಹಲಗೆಯ ಮೇಲೆ ಎದ್ದು ನಿಂತ.

ಎಷ್ಟು ಹೊತ್ತು ನಿಂತ ಎಂದು ಕೇಳಬೇಡಿ. ಸಂತೋಷಕ್ಕೆ ಗಡಿಯಾರ ಹಿಡಿಯುವವರು ಯಾರು? ಅವತ್ತಿನಿಂದ ಅವನ ಕುಂಚಕ್ಕೆ ಏನೋ ಆಯಿತು. ಕಾಡಿನ ಪರದೆ ಬರೆದರೆ ಮರಗಳು ಅಲೆಯ ಹಾಗೆ ಬಾಗಿ ನಿಂತವು. ದರ್ಬಾರಿನ ಪರದೆಯಲ್ಲಿ ಕಂಬಗಳು ಬಳುಕಿದವು. ಮಲ್ಪೆಯವರೆಗೂ ಕಂಪನಿಯ ಜೊತೆ ಹೋದ, ಹೋದಲ್ಲೆಲ್ಲ ಬೆಳಗಾದರೆ ಸಮುದ್ರ, ರಾತ್ರಿಯಾದರೆ ಬಣ್ಣ. ಕಂಪನಿ ಮುಚ್ಚಿದ ಮೇಲೆ ತನ್ನ ಹಲಗೆಗೆ ನೀಲಿ ಬಣ್ಣ ಬಳಿದು ಊರಿಗೆ ಹೊತ್ತು ತಂದು, ಬೋರ್ಡು ಬರೆಯುವ ಅಂಗಡಿ ಇಟ್ಟ. ಅಲೆ ಅಲ್ಲಿಗೂ ಬಂತು. ಸೋಡಾ ಅಂಗಡಿಯ ಬೋರ್ಡಿನಲ್ಲಿ ನೊರೆ ಉಕ್ಕಿತು. ಕ್ಷೌರದಂಗಡಿಯ ಬೋರ್ಡಿನಲ್ಲಿದ್ದ ಮನುಷ್ಯನ ಕ್ರಾಪು ಎಂಥ ಬಿರುಗಾಳಿಗೂ ಹೆದರದ ಹಾಗೆ ಎದ್ದು ನಿಂತಿತು.

ಇಷ್ಟರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಮದುವೆಯೂಟದ ಪಂಕ್ತಿಯಲ್ಲಿ. ಯಾರೋ ಪ್ರವಾಸದ ವಿಷಯ ಎತ್ತಿದರು. ಮದುಮಗ ಬಾಯಿ ತೆರೆದು, "ನಾನು ಸಮುದ್ರದ ಮೇಲೆ ನಿಂತಿದ್ದೆ" ಎಂದುಬಿಟ್ಟ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಗದೆ ಉಳಿದವರು ಇಬ್ಬರೇ. ಒಬ್ಬಳು ಮದುಮಗಳು ನೀಲಾಂಬಿಕ. ಅವಳು ಆ ಮಾತನ್ನು ಕಣ್ಣರಳಿಸಿ ಕೇಳಿದಳು. ಇನ್ನೊಬ್ಬರು ಅವಳ ಅಪ್ಪ ಗುರುಮಲ್ಲಪ್ಪ.

ಗುರುಮಲ್ಲಪ್ಪ ತಮ್ಮೂರು ಹೊಸಬಾಳೆಯಲ್ಲಿ ಆಡಿದ ಮಾತು ತಪ್ಪದವರೆಂದು ಹೆಸರಾದವರು. ಜಮೀನಿನ ಗಡಿ ತಕರಾರು ಬಂದರೆ ಅಮಲ್ದಾರರು ಕೂಡ ಇವರ ಬಾಯಿಮಾತಿಗೆ ತಲೆದೂಗುತ್ತಿದ್ದರು. ಅಂಥವರಿಗೆ ಸುಳ್ಳು ಹೇಳುವ ಅಳಿಯ! ಆಷಾಢಕ್ಕೆಂದು ಮಗಳು ತವರಿಗೆ ಬಂದವಳು ಶ್ರಾವಣ ಬಂದರೂ ಅಪ್ಪ ಕಳಿಸದೆ ಅಲ್ಲೇ ಉಳಿದಳು. ಗೌರೀಶಂಕರ ಕಾದ. ಒಬ್ಬನೇ ಅಡಿಗೆ ಮಾಡಿಕೊಂಡ, ಒಬ್ಬನೇ ಉಂಡ. ಅನ್ನ ಮುದ್ದೆಯಾಗಿದೆ ಎಂದು ಹೇಳಲೂ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿಯ ಮೇಲೆ ಇಷ್ಟು ಜೀವ ಇಟ್ಟುಕೊಂಡಿದ್ದೇನೆಂದು ಅವನಿಗೆ ಗೊತ್ತಾದದ್ದು ಆಗಲೇ.

ಕೊನೆಗೆ ಸಂತೆಗೆ ಬಂದಿದ್ದ ಹೊಸಬಾಳೆಯ ಸುಬ್ಬಪ್ಪ ಮಾವನ ಮಾತು ತಂದ. "ಕೆರೆ ಕೋಡಿ ಬಿದ್ದದೆ. ಸೋಮವಾರ ಗಂಗಮ್ಮಂಗೆ ಬಾಗಿನ. ನಿಮ್ಮ ಹಲಗೆ ತಗೊಂಡು ಬರ್ಬೇಕಂತೆ. ಊರ ಮುಂದೆ ನೀರ ಮೇಲೆ ನಿಂತು ತೋರ್ಸಿದ್ರೆ ಅವತ್ತೇ ಹೆಣ್ಣು ಕಳಿಸ್ತಾರಂತೆ. ನಿಲ್ದೇ ಹೋದ್ರೆ ದೀಪಾವಳಿ ಮಾತು."

ಹೀಗೆ ಆ ಸೋಮವಾರ ಗೌರೀಶಂಕರ ಹಲಗೆ ಹೊತ್ತು ಬಸ್ಸು ಹತ್ತಿದ್ದು. ಸೊರಬದಲ್ಲಿ ಸುಬ್ಬಪ್ಪನೇ ಗಾಡಿ ಕಟ್ಟಿಕೊಂಡು ಕಾದಿದ್ದ.

ಹೊಸಬಾಳೆಯ ಕೆರೆ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಹೆಂಗಸರ ನಡುವೆ ನೀಲಾಂಬಿಕ ಹಸಿರು ಸೀರೆಯುಟ್ಟು ನಿಂತಿದ್ದಳು. ಗಂಡನನ್ನು ಕಂಡು ನಕ್ಕಳು, ತಕ್ಷಣ ಅಪ್ಪನನ್ನು ಕಂಡು ಗಂಭೀರಳಾದಳು. ಗೌರೀಶಂಕರನಿಗೆ ಅಷ್ಟೇ ಸಾಕಾಯಿತು. ಅಂಗಿ ಕಳಚಿ, ಪಂಚೆ ಬಿಗಿದು, ಹಲಗೆ ಹಿಡಿದು ನೀರಿನ ಹತ್ತಿರ ಬಂದ. ಬಂದವನು ಹಾಗೆಯೇ ನಿಂತ.

ಕೆರೆ ತಟ್ಟೆಯಲ್ಲಿ ಆರಿದ ಗಂಜಿಯ ಹಾಗೆ ಅಲುಗಾಡದೆ ಬಿದ್ದಿತ್ತು.

"ಮಾವಾರೆ," ಎಂದ ಗೌರೀಶಂಕರ ಮೆಲ್ಲಗೆ, "ಇದ್ರಾಗ ಅಲೆ ಇಲ್ಲಲ್ರೀ."

"ಅಲೆ ಬೇರೆ ಬೇಕಾ ನಿಮ್ಗೆ?" ಎಂದರು ಗುರುಮಲ್ಲಪ್ಪ.

"ಅಲೆ ಇಲ್ದ ನಿಲ್ಲಾಕ ಆಗಂಗಿಲ್ರೀ. ಹಲಗಿ ಮುಂದಕ್ಕ ಓಡ್ಬೇಕು."

ಏರಿಯ ಮೇಲೆ ಮತ್ತೆ ಮದುವೆಯೂಟದ ನಗೆ ಎದ್ದಿತು. ನೀಲಾಂಬಿಕಳ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ಸುಬ್ಬಪ್ಪ ಮುಂದೆ ಬಂದ. ಒಳ್ಳೆಯ ಮನುಷ್ಯ. ಪರರ ಕಷ್ಟ ಕಂಡರೆ ಸಹಾಯ ಮಾಡಿ ಅದನ್ನು ಇಮ್ಮಡಿ ಮಾಡದೆ ಬಿಡುವವನಲ್ಲ.

"ಅಲೆ ತಾನೆ? ನಮ್ಮ ಎಮ್ಮೆ ಇಳಿಸ್ತೀನಿ ಇರಿ. ಅಷ್ಟೂ ಒಂದೇ ಸಲ ಬಿದ್ರೆ ಅಲೆ ಏಳ್ದೆ ಎಲ್ಲಿಗೆ ಹೋಗ್ತದೆ?"

ಊರಿನ ಹಿರಿಯಳು ಬಂಗಾರಮ್ಮ ಸಿಡುಕಿದಳು. "ಗಂಗಮ್ಮನ ಪೂಜೆ ದಿನ ಕೆರೆಗೆ ಎಮ್ಮೆ ಬಿಡ್ತೀಯೇನೋ?"

"ದಿನಾ ಮೀಯೋದು ಅಲ್ಲೇ ಅಲ್ವೇನಮ್ಮ? ಗಂಗಮ್ಮಂಗೆ ಗುರ್ತಿಲ್ಲದ ಎಮ್ಮೆನಾ ಅವು?"

ಎಮ್ಮೆಗಳು ಬಂದವು. ಅಲೆ ಏಳಿಸುವ ಅವಸರ ಅವುಗಳಿಗೇನೂ ಇರಲಿಲ್ಲ. ಒಂದೊಂದೇ ಇಳಿದು, ಆಳಕ್ಕೆ ಹೋಗಿ, ಕತ್ತಿನವರೆಗೆ ಮುಳುಗಿ, ದೊಡ್ಡದಾಗಿ ಉಸಿರುಬಿಟ್ಟು ಮೆಲುಕು ಹಾಕತೊಡಗಿದವು. ಗೌರೀಶಂಕರ ಹಲಗೆಯ ಮೇಲೆ ಬೋರಲು ಮಲಗಿ, ಕೈಯಲ್ಲಿ ನೀರು ತಳ್ಳುತ್ತ ಅವುಗಳ ಹಿಂದೆ ಹೋದ. "ಹೋಯ್! ಹೋಯ್!" ಎಂದು ಕೂಗಿದ. ಒಂದು ಎಮ್ಮೆ ತಿರುಗಿ ಅವನ ಭುಜ ನೆಕ್ಕಿತು. ಇನ್ನೊಂದು ಹಲಗೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿತು.

ಅಷ್ಟು ಹೊತ್ತಿಗೆ ಬಾಗಿನದ ಗಳಿಗೆ ಬಂತು. ಅಳಿಯನಿಗಾಗಿ ಮುಹೂರ್ತ ಕಾಯುತ್ತದೆಯೇ? ಗುರುಮಲ್ಲಪ್ಪನವರ ಹೆಂಡತಿ ರಾಜೇಶ್ವರಮ್ಮ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ತುಂಬಿದ ಮೊರವನ್ನು ನೀರಿಗೆ ಬಿಟ್ಟರು. ಮೊರ ಕೈ ಬಿಟ್ಟದ್ದೇ ತಡ, ಡೊಳ್ಳಿನವರು ಒಮ್ಮೆಲೇ ಬಾರಿಸಿದರು.

ಕೆರೆ ನಡುಗಿತು. ಎಮ್ಮೆಗಳು ಬೆಚ್ಚಿಬಿದ್ದವು. ಹಿಂಡಿಗೆ ಹಿಂಡೇ ಎದ್ದು, ಬಾಲ ನಿಮಿರಿಸಿ, ಎದೆಯಲ್ಲಿ ನೀರು ತಳ್ಳುತ್ತ ದಡಕ್ಕೆ ನುಗ್ಗಿತು. ಗೌರೀಶಂಕರನ ಕೆಳಗೆ ನೀರು ಉಬ್ಬಿತು. ಆ ಉಬ್ಬು ಅವನ ಮೈಗೆ ಗೊತ್ತಿತ್ತು. ಹೊನ್ನಾವರ ಬಿಟ್ಟ ಮೇಲೆ ಕನಸಿನಲ್ಲಿ ಮಾತ್ರ ಸಿಕ್ಕಿದ್ದ ಉಬ್ಬು ಅದು. ಅವನು ಯೋಚಿಸಲಿಲ್ಲ. ಅಂಗೈ ಊರಿದ, ಮಂಡಿ ಎತ್ತಿದ, ನಿಂತ.

ನಿಂತ! ಎರಡೂ ಕೈ ಚಾಚಿ, ಎದೆ ಉಬ್ಬಿಸಿ, ಎಮ್ಮೆಗಳ ನಡುವೆ ನೀರ ಮೇಲೆ ಜಾರುತ್ತ ಬಂದ. ಗಂಟಲು ಬಿಟ್ಟುಕೊಂಡು, "ನೀಲಾ! ನೋಡ ನೀಲಾ!" ಎಂದು ಕೂಗಿ ಏರಿಯ ಕಡೆ ನೋಡಿದ.

ಏರಿಯ ಉದ್ದಕ್ಕೂ ಬರೀ ಬೆನ್ನುಗಳಿದ್ದವು. ಸೀರೆಯ ಬೆನ್ನು, ಅಂಗಿಯ ಬೆನ್ನು, ಬರಿ ಬೆನ್ನು, ರುಮಾಲಿನ ಹಿಂದುಗಡೆ, ಜಡೆ, ತುರುಬು. ಸಾಲಿನಲ್ಲಿ ಎಲ್ಲೋ ಒಂದು ಮುಖ ಇತ್ತ ತಿರುಗಿದ ಹಾಗೆ ಕಂಡಿತು. ಅಷ್ಟರಲ್ಲಿ ಕಣ್ಣಿಗೆ ನೀರು ಹೊಡೆಯಿತು, ಹಲಗೆ ಒಂದು ಎಮ್ಮೆಯ ಪಕ್ಕೆಗೆ ತಾಗಿತು, ಗೌರೀಶಂಕರ ಮುಳುಗಿದ.

ಹೊಸಬಾಳೆಯಲ್ಲಿ ಒಂದು ಪದ್ಧತಿ. ಬಾಗಿನ ಬಿಟ್ಟ ಮೇಲೆ ಡೊಳ್ಳು ನಿಲ್ಲುವವರೆಗೂ ಯಾರೂ ಕೆರೆ ನೋಡಬಾರದು. ಗಂಗಮ್ಮ ಬಾಗಿನ ತೆಗೆದುಕೊಳ್ಳಲು ಮೇಲೆ ಬರುವ ಹೊತ್ತು ಅದು. ತವರಿನಲ್ಲಿ ಉಡಿ ತುಂಬಿಸಿಕೊಳ್ಳುವ ಹೆಣ್ಣುಮಗಳನ್ನು ಯಾರಾದರೂ ದಿಟ್ಟಿಸಿ ನೋಡುತ್ತಾರೆಯೇ? ನೋಡಿದರೆ ಅವಳು ಮುನಿಯುತ್ತಾಳೆ, ಏರಿ ಒಡೆಯುತ್ತದೆ. ಹಿಂದೆ ಯಾವನೋ ಕದ್ದು ನೋಡಿದನೆಂದು ಅವನ ಮನೆತನಕ್ಕೆ ಇವತ್ತಿಗೂ ಊರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಇದೆಲ್ಲ ಹೊಸಬಾಳೆಯ ಹಸುಗೂಸಿಗೂ ಗೊತ್ತು. ಶಿಕಾರಿಪುರದ ಅಳಿಯನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಡೊಳ್ಳು ನಿಂತಿತು. ಜನ ತಿರುಗಿ ನೋಡಿದಾಗ ಅಳಿಯ ತಲೆಯ ಮೇಲೆ ಪಾಚಿ ಹೊತ್ತು ಕತ್ತುಮಟ್ಟ ನೀರಿನಲ್ಲಿದ್ದ.

"ನಿಂತೆ ಮಾವಾರೆ! ಈಗ ನಿಂತಿದ್ದೆ!" ಎಂದು ಏದುಸಿರು ಬಿಡುತ್ತ ದಡಕ್ಕೆ ಬಂದ.

"ಯಾರು ನೋಡಿದ್ರು?" ಎಂದರು ಗುರುಮಲ್ಲಪ್ಪ. ಏಕೋ ಅವರ ದನಿ ಎಂದಿನ ಹಾಗೆ ಗಟ್ಟಿಯಾಗಿರಲಿಲ್ಲ.

ಆಗ ಹೆಂಗಸರ ಗುಂಪಿನಿಂದ ನೀಲಾಂಬಿಕ ಒಂದು ಹೆಜ್ಜೆ ಮುಂದೆ ಬಂದಳು. "ಅಪ್ಪಾ, ನಾನು..."

ಗೌರೀಶಂಕರನಿಗೆ ಆ ತಿರುಗಿದ ಮುಖ ನೆನಪಾಯಿತು. ಪದ್ಧತಿಯ ಮಾತನ್ನು ಆಗತಾನೆ ಸುಬ್ಬಪ್ಪ ಅವನ ಕಿವಿಯಲ್ಲಿ ಹೇಳಿದ್ದ. ಇವಳು ನೋಡಿದೆ ಅಂದರೆ ಮುಗಿಯಿತು, ನಾಳೆ ಒಂದು ಇಲಿ ಏರಿಯಲ್ಲಿ ಬಿಲ ತೋಡಿದರೂ ಊರು ಇವಳ ಹೆಸರೇ ಹೇಳುತ್ತದೆ.

"ನಾ ನಿಂತಿಲ್ರೀ!" ಎಂದು ಕೂಗಿದ. "ಸುಳ್ಳು ಹೇಳ್ದೆ. ಹೊನ್ನಾವರದಾಗೂ ನಿಂತಿಲ್ಲ, ಇಲ್ಲೂ ನಿಂತಿಲ್ಲ. ತಪ್ಪಾತು ಮಾವಾರೆ."

ಜೀವಮಾನದಲ್ಲಿ ಅವನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಊರು ಅದನ್ನು ಒಂದೇ ಸಲಕ್ಕೆ ನಂಬಿತು. "ಕೊನೆಗಾದ್ರೂ ನಿಜ ಹೇಳ್ದ ಪುಣ್ಯಾತ್ಮ!" ಎಂದು ಬಂಗಾರಮ್ಮ ಅವನ ಬೆನ್ನು ಸವರಿದಳು. ಗುರುಮಲ್ಲಪ್ಪ ಮಾತ್ರ ಅಳಿಯನ ಮುಖವನ್ನೇ ತುಂಬ ಹೊತ್ತು ನೋಡಿ, ಟವಲು ಕೊಟ್ಟು, "ಮನೆಗೆ ನಡೀರಿ. ಹೋಳಿಗೆ ಆರ್ತದೆ," ಎಂದರು.

ಊಟವಾದ ಮೇಲೆ ಹಿತ್ತಿಲಲ್ಲಿ ನೀಲಾಂಬಿಕ ಅವನ ಒದ್ದೆ ಪಂಚೆ ಹಿಂಡಿ ಹರವುತ್ತಿದ್ದಳು. ಗೌರೀಶಂಕರ ಹತ್ತಿರ ಹೋದ.

"ನಿನಗ್ಯಾಕ ಬೇಕಿತ್ತ ಆ ಧೈರ್ಯ? ನೋಡಬಾರ್ದು ಅಂತ ಗೊತ್ತಿದ್ದೂ ಯಾಕ ತಿರುಗಿ ನೋಡಿದಿ?"

"ನಾನೆಲ್ಲಿ ನೋಡ್ದೆ? ನಾನು ನೋಡ್ಲೇ ಇಲ್ಲ."

"ಮತ್ತ ಮುಂದ ಬಂದು ಹೇಳಾಕ ಹೊಂಟಿದ್ದೇನು?"

"ನೋಡಿದೆ ಅಂತ ಸುಳ್ಳು ಹೇಳೋಣ ಅಂತಿದ್ದೆ," ಎಂದಳು ನೀಲಾಂಬಿಕ ಪಂಚೆಯ ಹಿಂದೆ ಮುಖ ಮರೆಸಿಕೊಂಡು. "ನೀವು ನಿಂತಿರ್ತೀರಿ ಅಂತ ನಂಗೆ ಗೊತ್ತಿತ್ತಲ್ಲ. ಅದ್ಕೆ ನೋಡೋದೇನು ಬಂತು?"

ಸಮುದ್ರದ ಮೇಲೆ ನಿಂತಾಗಲೂ ಗೌರೀಶಂಕರನ ಎದೆ ಅಷ್ಟು ತುಂಬಿ ಬಂದಿರಲಿಲ್ಲ. ಹಾಗೆ ನಂಬಿದ ಹೆಂಡತಿಯನ್ನು ದೀಪಾವಳಿಯವರೆಗೆ ಬಿಟ್ಟು ಹೊರಡಬೇಕಾಗಿತ್ತು.

ಸೊರಬದವರೆಗೆ ಗಾಡಿಯಲ್ಲಿ ಗುರುಮಲ್ಲಪ್ಪನವರೇ ಬಂದರು. ಬಸ್ಸಿನ ಮೇಲೆ ಹಲಗೆಯನ್ನು ತಾವೇ ನಿಂತು ಕಟ್ಟಿಸಿದರು. ಆಮೇಲೆ ಕಿಟಕಿಯ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ಕೆಮ್ಮಿ, ಬಾಯಿ ಅಳಿಯನ ಕಿವಿಯ ಹತ್ತಿರ ತಂದರು.

"ಮಂಡಿ ಇನ್ನೊಂಚೂರು ಬಗ್ಗಿಸ್ಬೇಕಿತ್ತು ನೀವು. ಎಡಗಾಲು ಅಲ್ಲಾಡ್ತಿತ್ತು."

ಗೌರೀಶಂಕರ ಬಾಯಿ ತೆರೆದುಕೊಂಡು ಅವರನ್ನೇ ನೋಡಿದ. "ಮಾವಾರೆ! ಹಂಗಾರ ಆ ಮುಖ ನಿಮ್ಮದಾ?"

"ಶ್! ಮೆತ್ತಗೆ ಮಾತಾಡಿ. ಅಳಿಯ ಮುಳುಗಿ ಸತ್ತಾನು ಅಂತ ಭಯ ಆಯ್ತು, ತಡೀಲಿಲ್ಲ."

"ಹಂಗಾರ ಇವತ್ತೇ ನೀಲಾನ ಕಳಿಸ್ಬೋದಲ್ರೀ!"

"ಹೆಂಗೆ ಕಳಿಸ್ಲಿ?" ಎಂದರು ಗುರುಮಲ್ಲಪ್ಪ ಕಷ್ಟದಿಂದ. "ನಿಂತ್ರೆ ಕಳಿಸ್ತೀನಿ ಅಂತ ಊರ ಮುಂದೆ ನಾನು ಆಡಿದ್ದೀನಿ. ನಿಲ್ಲಲಿಲ್ಲ ಅಂತ ಊರ ಮುಂದೆ ನೀವು ಆಡಿದ್ದೀರಿ. ನಾನು ಮಾತು ತಪ್ಪೋನಲ್ಲ ಅಂತ ಎಲ್ರಿಗೂ ಗೊತ್ತು. ದೀಪಾವಳಿಗೆ ಬನ್ನಿ."

ಬಸ್ಸು ಹೊರಟಿತು. ಗೌರೀಶಂಕರ ಕಿಟಕಿಯಿಂದ ಕತ್ತು ಚಾಚಿ ಹಿಂದಕ್ಕೆ ನೋಡಿದ. ಧೂಳಿನಲ್ಲಿ ಮಾವನವರು ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಂಚೆ ಎತ್ತಿಕಟ್ಟಿ, ಎರಡೂ ಕೈ ಚಾಚಿ, ಮಂಡಿ ಬಗ್ಗಿಸಿ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದರು.