ಮೂರು ಪಟ್ಟೆ ಮಾಡೆಲ್

ಹುಡುಕಪ್ಪ ನಮ್ಮ ಒಲೆಯ ಹೊಟ್ಟೆಗೆ ಕಿವಿ ಹಚ್ಚಿ ಕೂತಿತ್ತು. ಕಿವಿ ಎಂದರೆ ಚಹಾ ಸೋಸುವ ಹಳೆಯ ಜರಡಿ. ಒಮ್ಮೆ ಕುಟ್ಟಿತು, ಕೇಳಿಸಿಕೊಂಡಿತು, ಜಾಗ ಬದಲಿಸಿ ಮತ್ತೆ ಕುಟ್ಟಿತು. ಅಡುಗೆಮನೆಯಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಯಾರೂ ಮಾತಾಡ್ಬೇಡಿ, ಅದು ಯೋಚನೆ ಮಾಡ್ತಿದೆ," ಎಂದರು ಪಂಚಾಕ್ಷರಿ ಮಾವ. ಅಲ್ಲಿಯವರೆಗೆ ಮಾತಾಡಿದ್ದು ಅವರೊಬ್ಬರೇ.

ಮಾವ ನಮ್ಮ ಪಕ್ಕದ ಮನೆಯವರು. ಭದ್ರಾವತಿಯ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದ ಮೇಲೆ, ಕ್ವಾರ್ಟರ್ಸಿನ ಹಿತ್ತಲಿನ ಶೆಡ್ಡಿನಲ್ಲಿ ಕೂತು ಜಗತ್ತನ್ನು ಸುಧಾರಿಸಲು ಹೊರಟಿದ್ದರು. ಮಳೆಯ ವಾಸನೆ ಬಂದರೆ ಬಟ್ಟೆಗಳನ್ನು ತಾನೇ ಒಳಗೆಳೆದುಕೊಳ್ಳುವ ತಂತಿಯೊಂದನ್ನು ಅವರು ಹೋದ ವರ್ಷ ಮಾಡಿದ್ದರು. ಅದು ಒಂದು ಸಂಜೆ ಸೀರೆ ಒಣಹಾಕುತ್ತಿದ್ದ ದಾಕ್ಷಾಯಿಣಿ ಅತ್ತೆಯನ್ನೂ ಸೀರೆಯ ಸಮೇತ ಒಳಗೆಳೆದುಕೊಂಡಿತು. ಅಂದಿನಿಂದ ಅತ್ತೆ ತಮ್ಮ ಗಂಡನ ಯಂತ್ರಗಳನ್ನು ಕಚ್ಚುವ ನಾಯಿಯನ್ನು ನೋಡುವ ಹಾಗೆ ನೋಡುತ್ತಾರೆ. ಕಣ್ಣು ತೆಗೆಯುವುದಿಲ್ಲ, ಹತ್ತಿರವೂ ಹೋಗುವುದಿಲ್ಲ.

ಹುಡುಕಪ್ಪ ಅವರ ಹೊಸ ಕೂಸು. ಹಳೆಯ ಕುಕ್ಕರಿನ ಹೊಟ್ಟೆ, ಮಗುವಿನ ನಡೆಬಂಡಿಯ ಚಕ್ರ, ಕೊಡೆಯ ಕಡ್ಡಿಗಳ ಉದ್ದನೆಯ ಕೈಗಳು, ಒಡೆದ ಮೊಬೈಲಿನ ಒಂಟಿ ಕಣ್ಣು. ದನಿ ಮಾತ್ರ ಜವಳಿ ಅಂಗಡಿಯ ಗುಮಾಸ್ತನದು, ಅತಿ ವಿನಯದ್ದು. ಯಾವುದೇ ಗ್ಯಾಸ್ ಒಲೆಯನ್ನು ಅದರ ಮುಂದಿಟ್ಟರೂ ಯಾವ ಕಂಪನಿ, ಯಾವ ಮಾಡೆಲ್ ಎಂದು ಗುರುತು ಹಿಡಿದು, ಕೆಟ್ಟದ್ದನ್ನು ಸರಿಮಾಡಿ, ಇಲ್ಲದ ಬಿಡಿಭಾಗವನ್ನು ಎಲ್ಲಿದ್ದರೂ ಹುಡುಕಿ ತಂದು ಹಾಕುತ್ತದೆ ಎಂದು ಮಾವ ಬೀದಿಗೆಲ್ಲ ಸಾರಿದ್ದರು.

ಅಮ್ಮ ಅದನ್ನು ನಂಬಿದ್ದಳು. ನಂಬದೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ನಮ್ಮದು ಸಾಮಾನ್ಯ ಒಲೆಯಲ್ಲ. ಮೇಲೆ ನಾಲ್ಕು ಬರ್ನರ್, ಕೆಳಗೆ ದಪ್ಪ ಬಾಗಿಲಿನ ಓವನ್, ಆನೆಮರಿಯಷ್ಟು ಭಾರ. ಕಾರ್ಖಾನೆಯ ವಿದೇಶಿ ಇಂಜಿನಿಯರ್ ಒಬ್ಬ ಊರು ಬಿಡುವಾಗ ಅವನ ಬಂಗಲೆಯ ಸಾಮಾನು ಹರಾಜಾಯಿತು. ಆಗಷ್ಟೇ ಮದುವೆಯಾಗಿದ್ದ ಅಪ್ಪ ಹೆಂಡತಿಯನ್ನು ಬೆರಗುಗೊಳಿಸಲು ಅದನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಅಮ್ಮ ಬೆರಗಾದಳು. ಇನ್ನೂ ಹಾಗೇ ಇದ್ದಾಳೆ. ಅಪ್ಪನ ಬೆರಗು ಮಾತ್ರ ಯಾವಾಗಲೋ ಇಳಿದುಹೋಗಿತ್ತು. ಒಂದು ನಾಬ್ ಕಳೆದುಹೋಗಿ, ಆ ಉರಿಯನ್ನು ಕಟಿಂಗ್ ಪ್ಲೇಯರಿನಲ್ಲಿ ತಿರುವಬೇಕಾಗಿತ್ತು. ಒಂದು ಬರ್ನರ್ ಸೀಳಿತ್ತು. ಮಿಕ್ಕ ಉರಿಗಳು ಹಳದಿಯಾಗಿ ಕುಣಿಯುತ್ತ ಪಾತ್ರೆಗಳ ತಳಕ್ಕೆಲ್ಲ ಮಸಿ ಬಳಿಯುತ್ತಿದ್ದವು. ಬಂದ ಮೆಕ್ಯಾನಿಕ್‌ಗಳೆಲ್ಲ ಒಂದೇ ಪ್ರಶ್ನೆ ಕೇಳಿ ಹೋಗುತ್ತಿದ್ದರು: ಯಾವ ಕಂಪನಿ?

ಅದನ್ನು ಹೇಳಬೇಕಾಗಿದ್ದ ಹಿತ್ತಾಳೆಯ ಪಟ್ಟಿಯೊಂದು ಒಲೆಯ ಮುಂಭಾಗದಲ್ಲಿತ್ತು. ಅಮ್ಮ ಪ್ರತಿ ಆಯುಧಪೂಜೆಗೂ ಅದನ್ನು ದೇವರ ಸಾಮಾನಿನ ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಸಿ, ಮೇಲೆ ಮೂರು ಪಟ್ಟೆ ವಿಭೂತಿ ಎಳೆಯುತ್ತಿದ್ದಳು. ತಿಕ್ಕಿ ತಿಕ್ಕಿ ಮೊದಲು ಊರಿನ ಹೆಸರು ಹೋಯಿತು, ಆಮೇಲೆ ಮಾಡೆಲ್ ನಂಬರು, ಕೊನೆಗೆ ಕಂಪನಿಯೂ. ಈಗ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು, ಓದಲು ಏನೂ ಇರಲಿಲ್ಲ.

ಈ ಹಬ್ಬದೊಳಗೆ ನಾಲ್ಕೂ ಉರಿ ನೆಟ್ಟಗೆ ಹತ್ತದಿದ್ದರೆ ಒಲೆ ಗುಜರಿಗೆ, ಮನೆಗೆ ಗಾಜಿನ ಮೈಯ ಹೊಸ ಒಲೆ ಎಂದು ಅಪ್ಪ ತೀರ್ಪು ಕೊಟ್ಟಾಗಿತ್ತು. ಹಬ್ಬ ಇವತ್ತೇ. ಅಮ್ಮನ ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ಒಲೆ ಚೆಂಡುಹೂವಿನ ಹಾರ ಹಾಕಿಕೊಂಡು, ಹಣೆಗೆ ಹೊಸದಾಗಿ ವಿಭೂತಿ ಬಳಿದುಕೊಂಡು, ಗುಜರಿಗೆ ಹೋಗಲಿರುವ ವಸ್ತುವಿನಂತೆ ಅಲ್ಲ, ಮದುವೆಗೆ ಹೊರಟ ಬೀಗರಂತೆ ಕೂತಿತ್ತು.

ಪಟ್ಟಿಯನ್ನು ಒಮ್ಮೆ ಒರೆಸಿದರೆ ಯಂತ್ರಕ್ಕೆ ಓದಲು ಅನುಕೂಲ ಎಂದು ಮಾವ ಮೊದಲೇ ಕೇಳಿಕೊಂಡಿದ್ದರು. ಪೂಜೆ ಮಾಡಿದ್ದನ್ನು ಅದೇ ದಿನ ಒರೆಸುವುದುಂಟೆ ಎಂದು ಅಮ್ಮ ಗದರಿದ್ದಳು. ಹೀಗಾಗಿ ಹುಡುಕಪ್ಪನ ಒಂಟಿ ಕಣ್ಣು ಆ ಪಟ್ಟಿಯ ಮುಂದೆ ಬಂದು ನಿಂತಾಗ ಅದಕ್ಕೆ ಕಂಡದ್ದು ಮೂರು ಬಿಳಿಯ ಗೆರೆ ಮಾತ್ರ.

"ಗುರುತು ಸಿಕ್ಕಿತು, ಸ್ವಾಮಿ," ಎಂದಿತು ಹುಡುಕಪ್ಪ. "ಇದು ಮೂರು ಪಟ್ಟೆ ಮಾಡೆಲ್."

ಮಾವ ಹಿಗ್ಗಿಹೋದರು. ಅದಕ್ಕೆ ಸರಿಯಾಗಿ ಹುಡುಕಪ್ಪ ಕೆಲಸಕ್ಕೇ ಇಳಿಯಿತು. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿತು. ಬರ್ನರುಗಳನ್ನು ಎತ್ತಿ ಬಿಸಿನೀರಿಗೆ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿತು. ಗ್ಯಾಸ್ ಚಿಮ್ಮುವ ಜೆಟ್ಟುಗಳ ಸಣ್ಣ ಕಣ್ಣಿಗೆ ಸೂಜಿ ಹಾಕಿ ವರ್ಷಗಳ ಕಿಟ್ಟ ತೆಗೆಯಿತು. ಗ್ಯಾಸಿನ ಪೈಪನ್ನು ಬಗ್ಗಿಸಿ ನೋಡಿ ಸೀಳಿಲ್ಲವೆಂದು ಸಾರಿತು. ಮತ್ತೆ ಹಚ್ಚಿದಾಗ ಉರಿ ನೀಲಿಯಾಗಿತ್ತು, ಕುಳ್ಳಗೆ, ಶಿಸ್ತಾಗಿ, ಶಾಲೆಯ ಮಕ್ಕಳು ಸಾಲಾಗಿ ನಿಂತಂತೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನಡುಮನೆಯಿಂದ ಇಣುಕಿ, ನಾಬ್ ಎಲ್ಲಿ, ಸೀಳಿದ ಬರ್ನರ್ ಏನಾಯಿತು ಎಂದು ಕೇಳಿ ಪೇಪರಿಗೆ ಮರಳಿದರು.

"ಬಿಡಿಭಾಗ ಹುಡುಕುತ್ತಿದ್ದೇನೆ. ಅತಿ ಹತ್ತಿರದಲ್ಲಿ ಎಲ್ಲಿದೆಯೋ ಅಲ್ಲಿಂದ," ಎಂದಿತು ಹುಡುಕಪ್ಪ. ಅದರ ಒಂದು ಕೈ ಬೆನ್ನ ಹಿಂದೆ ಹೋಗಿ ಬಂತು. ಕಪ್ಪು ನಾಬೊಂದು ನಮ್ಮ ಒಲೆಗೆ ಕೂತಿತು. ಹೇಳಿ ಮಾಡಿಸಿದ ಹಾಗೆ! ಅಮ್ಮ ಅದನ್ನು ತಿರುವಿದಳು, ಆರಿಸಿದಳು, ಮತ್ತೆ ತಿರುವಿದಳು. ಅಷ್ಟರಲ್ಲಿ ಯಂತ್ರ ಗಡಗಡನೆ ಹೊಸ್ತಿಲು ದಾಟಿ ಹೊರಗೆ ಹೋಯಿತು. ಬರ್ನರ್ ತರಲು ಪೇಟೆಗೆ ಹೊರಟಿದೆ, ಗ್ಯಾಸ್ ಸಾಮಾನಿನ ಅಂಗಡಿಗಳ ದಾರಿಯನ್ನೆಲ್ಲ ತಾನೇ ಕಲಿಸಿದ್ದೇನೆ ಎಂದು ಮಾವ ವಿವರಿಸುತ್ತಿದ್ದಂತೆ, ಅದು ಹೊಳೆಯುವ ಬರ್ನರ್ ಹಿಡಿದು ವಾಪಸ್ಸು ಬಂದಿತ್ತು.

ಪೇಟೆ ಅಷ್ಟು ಹತ್ತಿರವಿಲ್ಲ. ಹತ್ತಿರವಿದ್ದದ್ದು ಮಾವನ ಮನೆ. ಗೋಡೆಯಾಚೆಯಿಂದ ದಾಕ್ಷಾಯಿಣಿ ಅತ್ತೆಯ ದನಿ ಕೇಳಿತು.

"ರೀ, ಪಾಯಸದ ಕೆಳಗಿದ್ದ ಬರ್ನರ್ ಎಲ್ಲಿ ಹೋಯ್ತ್ರೀ?"

ಹುಡುಕಪ್ಪನ ಜರಡಿ ಕಿವಿ ನಿಮಿರಿತು. ಬರ್ನರಿಲ್ಲದ ಒಲೆ! ಅತ್ತೆಯ ಒಲೆಯ ಹಣೆಗೂ ವಿಭೂತಿಯಿತ್ತು; ಮೂರು ಪಟ್ಟೆ ಮಾಡೆಲ್ಲೇ. ಅದನ್ನು ಸರಿಮಾಡಲು ಅದು ಆಚೆಮನೆಯ ಒಲೆಯ ಬರ್ನರ್ ಕಿತ್ತು ತಂದಿತು. ಆಚೆಮನೆಯವರು ಕೂಗಿದರು. ಅವರ ಒಲೆಯನ್ನು ಸರಿಮಾಡಲು ಅದರಾಚೆಯ ಮನೆಗೆ ನುಗ್ಗಿತು. ಒಂದು ಒಳ್ಳೆಯ ಗುಣವೆಂದರೆ, ಹೋದಲ್ಲೆಲ್ಲ ಮೊದಲು ರೆಗ್ಯುಲೇಟರ್ ಆಫ್ ಮಾಡುತ್ತಿತ್ತು. ಹಾಗಾಗಿ ಸಾಲಿನ ಉದ್ದಕ್ಕೂ ಯಾವ ಅಪಾಯವೂ ಆಗದೆ, ಅರ್ಧ ಬೆಂದ ಪಾಯಸಗಳು ಮಾತ್ರ ಒಂದಾದ ಮೇಲೊಂದು ತಣ್ಣಗಾದವು.

ಅಲ್ಲಿಗೆ ಮುಗಿದಿದ್ದರೆ ಅದು ಬರೀ ಒಲೆಗಳ ಸುದ್ದಿಯಾಗುತ್ತಿತ್ತು. ಆದರೆ ಅವತ್ತು ಆಯುಧಪೂಜೆ. ಕ್ವಾರ್ಟರ್ಸಿನಲ್ಲಿ ವಿಭೂತಿ ಬಳಿದುಕೊಳ್ಳದ ವಸ್ತುವೇ ಇರಲಿಲ್ಲ.

ಮೊದಲು ಸಿಕ್ಕಿದ್ದು ನಮ್ಮ ಸ್ಕೂಟರ್. ಈ ಒಲೆಗೆ ಬರ್ನರೇ ಇಲ್ಲವೆಂದು ಹುಡುಕಪ್ಪ ಮರುಗಿ, ಹೆಡ್‌ಲೈಟ್ ಕಿತ್ತು ಆ ಜಾಗದಲ್ಲಿ ಒಂದನ್ನು ಕೂರಿಸಿತು. ಟೈಲರ್ ಮುರಿಗೆಪ್ಪನ ಹೊಲಿಗೆ ಯಂತ್ರದ ಚಕ್ರ ತೆಗೆದು ನಾಬ್ ಹಾಕಿತು. ಸಣ್ಣ ಉರಿಯಲ್ಲಿಟ್ಟರೆ ಕಾಜಾ, ದೊಡ್ಡ ಉರಿಯಲ್ಲಿಟ್ಟರೆ ನೇರ ಹೊಲಿಗೆ ಎಂದು ಮುರಿಗೆಪ್ಪ ಅಲ್ಲೇ ಎಲ್ಲರಿಗೂ ತೋರಿಸತೊಡಗಿದ. ಬಾಳೆಕಂದು ಕಟ್ಟಿಕೊಂಡು ನಿಂತಿದ್ದ ಕಾರ್ಖಾನೆಯ ಬಸ್ಸಿನ ಸುತ್ತ ಅದು ಎರಡೆರಡು ಸಲ ಬಂತು. ಅಷ್ಟು ದೊಡ್ಡ ಓವನ್ನನ್ನು ಅದು ಕಂಡಿರಲಿಲ್ಲ. ಕೊನೆಗೆ ಗೌರವದಿಂದ ಅದರ ಗಾಜು ಒರೆಸಿ, ಸ್ಟೀರಿಂಗಿನ ಮೇಲೆ ಪಾತ್ರೆ ಇಡುವ ಸ್ಟ್ಯಾಂಡೊಂದನ್ನು ಇಟ್ಟು ಬಂತು.

ಮಾವ ಹಿಂದೆ ಹಿಂದೆ ಓಡುತ್ತಿದ್ದರು. ನಾನು ಅವರ ಹಿಂದೆ. ಅದನ್ನು ಆಫ್ ಮಾಡಬಾರದೇ ಎಂದು ನಾನು ಕೇಳಿದ್ದಕ್ಕೆ, ತಾನೇನು ಅಷ್ಟೂ ತಿಳಿಯದವನೇ ಎಂದು ಮಾವ ಕೈ ಚಾಚಿ ಅದರ ಬೆನ್ನು ತಡವಿದರು. ತಡವಿದ ಕೈ ಅಲ್ಲೇ ನಿಂತಿತು. ಆಫ್ ಮಾಡುವ ನಾಬ್ ಇರಬೇಕಾದ ಕಡೆ ಒಂದು ಬೋಳು ಕಡ್ಡಿ, ಪ್ಲೇಯರಿಗೂ ಸಿಗದಷ್ಟು ಮೋಟು.

ಅತಿ ಹತ್ತಿರದಲ್ಲಿ ಎಲ್ಲಿದೆಯೋ ಅಲ್ಲಿಂದ.

ನಾವು ಓಡಿಬಂದಾಗ ಹುಡುಕಪ್ಪ ನಮಗಿಂತ ಮೊದಲೇ ನಮ್ಮ ನಡುಮನೆಯಲ್ಲಿತ್ತು. ಅಪ್ಪ ಪೂಜೆ ಮುಗಿಸಿ, ಹಣೆಯಗಲ ವಿಭೂತಿ ಹಚ್ಚಿ, ಆರಾಮಕುರ್ಚಿಯಲ್ಲಿ ಒರಗಿದ್ದರು. ಯಂತ್ರ ಜರಡಿಯನ್ನು ಅವರ ಹೊಟ್ಟೆಗಿಟ್ಟು ಕುಟ್ಟಿತು.

"ಮೂರು ಪಟ್ಟೆ ಮಾಡೆಲ್. ತುಂಬಾ ಹಳೆಯದು. ಗ್ಯಾಸ್ ಲೀಕ್ ಇದೆ. ಎರಡೂ ಜೆಟ್ ಕಟ್ಟಿವೆ."

ಅಪ್ಪ ಏನೆಂದು ತಿಳಿಯುವ ಮೊದಲೇ ಬ್ರಷ್ಷು ಅವರ ಮೂಗಿನ ಒಂದು ಹೊಳ್ಳೆಗೆ ಹೋಯಿತು. ಅಪ್ಪ ಸೀನಿದ ಸೀನಿಗೆ ಪೇಪರು ಫ್ಯಾನಿನವರೆಗೆ ಹಾರಿತು. ಅದನ್ನು ಆರಿಸುವ ನಾಬ್ ನಿಮ್ಮ ಒಲೆಯಲ್ಲಿದೆ ಎಂದು ಮಾವ ಕೂಗಿಕೊಂಡರು. ಇನ್ನೊಂದು ಹೊಳ್ಳೆಗೆ ಅಪ್ಪ ಕಾಯಲಿಲ್ಲ; ಕುರ್ಚಿಯ ಸಮೇತ ಎದ್ದು ಅಡುಗೆಮನೆಗೆ ಓಡಿದರು.

"ಆ ನಾಬ್ ಕೊಡೇ," ಎಂದರು ಅಮ್ಮನಿಗೆ, ಮೂಗು ಹಿಡಿದುಕೊಂಡು.

ಅಮ್ಮ ಒಲೆಗೆ ಬೆನ್ನು ಕೊಟ್ಟು ನಿಂತಳು. ನಾಬ್ ಕೊಟ್ಟರೆ ನಾಲ್ಕು ಉರಿ ಮೂರಾಗುತ್ತದೆ, ಮೂರಾದರೆ ಒಲೆ ಗುಜರಿಗೆ, ತೀರ್ಪು ಕೊಟ್ಟವರು ನೀವೇ ಎಂದಳು. ಮಾವ ಅಂಗಲಾಚಿದರು. ಇಡೀ ಸಾಲಿನ ಹೆಂಗಸರು ಪಾಯಸದ ಪಾತ್ರೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಒಲೆಯನ್ನು ಗುಜರಿಗೆ ಹಾಕುವುದಿಲ್ಲ ಎಂದು ಅಪ್ಪ ಕೊನೆಗೆ ಒಪ್ಪಿಕೊಂಡರು. ಬರೀ ಒಪ್ಪಿದರೆ ಸಾಲದು, ದೇವರ ಮುಂದೆ ಹೇಳಬೇಕೆಂದಳು ಅಮ್ಮ. ಅಪ್ಪ ಬಾಗಿಲ ಕಡೆ ನೋಡಿದರು. ಬ್ರಷ್ಷು ಬರುತ್ತಿತ್ತು.

ಈ ನಡುವೆ ದಾಕ್ಷಾಯಿಣಿ ಅತ್ತೆ ಯಾರನ್ನೂ ಕೇಳದೆ ಒಂದು ಉಪಾಯ ಮಾಡಿದರು. ಪೂಜೆ ಮಾಡಿದ ಯಂತ್ರಕ್ಕೆ ಆಯುಧಪೂಜೆಯ ದಿನ ವಿಶ್ರಾಂತಿ. ಇದು ಕಾರ್ಖಾನೆಯ ಲೇತ್ ಯಂತ್ರಕ್ಕೂ ಗೊತ್ತಿರುವ ನಿಯಮ. ಇಡೀ ಬೀದಿಯಲ್ಲಿ ಪೂಜೆಯಾಗದೆ ಉಳಿದದ್ದು ಹುಡುಕಪ್ಪ ಒಂದೇ. ಅದಕ್ಕೇ ಅದು ಹೀಗೆ ಕುಣಿಯುತ್ತಿರುವುದು. ಅತ್ತೆ ವಿಭೂತಿಯಲ್ಲಿ ಬೆರಳದ್ದಿ, ಧೈರ್ಯ ಮಾಡಿ ಹತ್ತಿರ ಹೋಗಿ, ಕುಕ್ಕರಿನ ಹಣೆಗೆ ಮೂರು ಪಟ್ಟೆ ಎಳೆದುಬಿಟ್ಟರು.

ಹುಡುಕಪ್ಪ ನಿಂತಿತು. ನಿಜವಾಗಿಯೂ ನಿಂತಿತು! ಅತ್ತೆ ಗೆದ್ದ ಹೆಮ್ಮೆಯಲ್ಲಿ ಗಂಡನನ್ನು ನೋಡಿದ ನೋಟವಿತ್ತಲ್ಲ, ಅದನ್ನು ಯಾವ ಯಂತ್ರವೂ ರಿಪೇರಿ ಮಾಡಲಾರದು.

ಆದರೆ ಎದುರಿನ ಕಟ್ಟೆಯ ಮೇಲೆ, ಹಬ್ಬಕ್ಕೆಂದು ಅಮ್ಮ ಬೆಳಗಿಟ್ಟ ಸ್ಟೀಲಿನ ಬಿಂದಿಗೆಯಿತ್ತು. ಒಂಟಿ ಕಣ್ಣು ಬಿಂದಿಗೆಯತ್ತ ತಿರುಗಿತು. ಅದರಲ್ಲಿ ಕಂಡ ಕುಕ್ಕರಿನ ಹಣೆಯ ಮೂರು ಪಟ್ಟೆಗಳನ್ನು ನೋಡಿತು.

"ಗುರುತು ಸಿಕ್ಕಿತು, ಸ್ವಾಮಿ," ಎಂದಿತು ಮೆಲ್ಲಗೆ. ಆಮೇಲೆ ಅದರ ದನಿ ಕುಸಿಯಿತು. "ಬರ್ನರ್ ಇಲ್ಲ. ಓವನ್ ಇಲ್ಲ. ಒಂದು ನಾಬ್ ಕೂಡ ಇಲ್ಲ. ಇಷ್ಟು ಹಾಳಾದ ಒಲೆಯನ್ನು ನಾನು ಎಲ್ಲೂ ನೋಡಿಲ್ಲ."

ಆಮೇಲಿನದನ್ನು ನೋಡಿದವರಲ್ಲಿ ಇಬ್ಬರು ಹೇಳುವುದು ಒಂದೇ ರೀತಿ ಇರುವುದಿಲ್ಲ. ನನಗೆ ಕಂಡದ್ದು ಕೊಡೆಯ ಕಡ್ಡಿಗಳ ಒಂದು ಸುಂಟರಗಾಳಿ. ಅದು ಎಲ್ಲರ ಮನೆಗೂ ಹೋಗಿ ಬಂತು, ಸ್ಕೂಟರಿಗೂ ಹೋಗಿ ಬಂತು, ಬಸ್ಸಿನಲ್ಲಿಟ್ಟಿದ್ದ ಪಾತ್ರೆಯ ಸ್ಟ್ಯಾಂಡನ್ನೂ ಬಿಡಲಿಲ್ಲ. ಕೊನೆಗೆ ನಮ್ಮ ಒಲೆಯ ಮುಂದೆ ನಿಂತು, ಅಮ್ಮನನ್ನು ಮಗುವಿನಂತೆ ಎತ್ತಿ ಪಕ್ಕಕ್ಕಿಟ್ಟು, ಅದರ ಮೇಲೆ ಹತ್ತಿ ಕೂತಿತು. ಸ್ಕ್ರೂಗಳು ತಿರುಗುವ ಸದ್ದಾಯಿತು. ಸದ್ದು ನಿಂತಾಗ ಅಡುಗೆಮನೆಯಲ್ಲಿ ನಮ್ಮ ಒಲೆಯಿರಲಿಲ್ಲ, ಹುಡುಕಪ್ಪನೂ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿದ, ಇಡೀ ಸಾಲಿನ ಬರ್ನರುಗಳನ್ನು ಹೊತ್ತ, ಚಕ್ರದ ಮೇಲೆ ನಿಂತ ಒಂದು ಮಹಾ ಒಲೆಯಿತ್ತು. ಚೆಂಡುಹೂವಿನ ಹಾರ ಅದರ ಕೊರಳಿಗೆ ಸರಿಯಾಗಿ ಬಂದಿತ್ತು.

ಅದು ತಾನಾಗಿ ಹೊತ್ತಿಕೊಂಡಿತು. ಅಷ್ಟೂ ಉರಿ ನೀಲಿ. ಒಂದಾದರೂ ಹಳದಿಯಿಲ್ಲ.

ಹೆಂಗಸರು ತಮ್ಮ ತಮ್ಮ ಪಾತ್ರೆ ಏರಿಸಿದರು. ಒಬ್ಬರ ಶ್ಯಾವಿಗೆ, ಒಬ್ಬರ ಕಡಲೆಬೇಳೆ, ಒಬ್ಬರ ಗಸಗಸೆ, ಎಲ್ಲ ಒಟ್ಟಿಗೆ ಕುದಿದು, ಯಾವುದೂ ತಳ ಹಿಡಿಯದೆ ಇಳಿಯಿತು. ಅಪ್ಪ ಕೂಡ ದೂರದಿಂದಲೇ, ಒರೆಸಿಕೊಂಡ ಬೋಳು ಹಣೆಯಲ್ಲಿ ನಿಂತು, ಕೆಲಸವೇನೋ ಚೆನ್ನಾಗಿದೆ ಎಂದರು. ಅವರ ಮೂಗಿನ ಒಂದು ಕಡೆಯಿಂದ ಉಸಿರು ವರ್ಷಗಳಿಂದ ಇಲ್ಲದಷ್ಟು ಸಲೀಸಾಗಿ ಆಡುತ್ತಿತ್ತು.

ಪಂಚಾಕ್ಷರಿ ಮಾವ ಅಂಗಿ ಸರಿಪಡಿಸಿಕೊಂಡು ಮುಂದೆ ಬಂದರು. ಹೀಗಾಗಬೇಕೆಂದೇ ಮಾಡಿದ್ದು ಎಂಬ ಮುಖ ಆಗಲೇ ಸಿದ್ಧವಾಗಿತ್ತು.

"ಸರ್ವಮಂಗಳಾ, ಇದು ನಿಂಗೇ ತಂಗಿ. ಹಬ್ಬದ ಉಡುಗೊರೆ. ಇಟ್ಕೋ," ಎಂದರು ಅಮ್ಮನಿಗೆ.

ಗುಜರಿಯ ಮಾತು ಇನ್ನಿಲ್ಲವೆಂದು ಅಪ್ಪನೂ ತಲೆಯಾಡಿಸಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದಳು. ನಾಬುಗಳನ್ನು ಮುಟ್ಟಿದಳು. ಮುಂಭಾಗದಲ್ಲಿ, ಹಿತ್ತಾಳೆಯ ಹಳೆಯ ಪಟ್ಟಿಯನ್ನು ಕಂಡು ಬಗ್ಗಿ ನೋಡಿದಳು. ವಿಭೂತಿಯ ಪಟ್ಟೆಗಳ ನಡುವೆ ಅವಳ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಯಾವ ಕಂಪನಿದು ಅಣ್ಣಾ?"

"ಕಂಪನಿ ಯಾಕಮ್ಮ? ಲೋಕದಲ್ಲಿ ಇಂಥದ್ದು ಇದೊಂದೇ."

"ಸ್ಪೇರ್ ಸಿಗುತ್ತಾ?"

ಮಾವ ಬಾಗಿಲಾಚೆ ಸಾಲುಮನೆಗಳ ಕಡೆ ನೋಡಿದರು. ಅಲ್ಲಿ ಯಾವ ಅಡುಗೆಮನೆಯಲ್ಲೂ ಒಂದು ಬರ್ನರ್ ಉಳಿದಿರಲಿಲ್ಲ, ಒಂದು ನಾಬೂ ಉಳಿದಿರಲಿಲ್ಲ.

"ಹಾಗಾದ್ರೆ ನಂಗೆ ಬೇಡ," ಎಂದಳು ಅಮ್ಮ.